ಮುದ್ರೆ ನೋಡದೆ ಬಾಗಿಲು ತೆರೆಯಬಾರದು

ಕುಂಬಾರಕೊಪ್ಪಲಿನ ಒಂದು ಮನೆಪಾಠದ ತರಗತಿಗೆ ಅಲ್ಲಿಯ ವಿದ್ಯಾರ್ಥಿಗಳೇ ಜಾಲತಾಣ ಕಟ್ಟುತ್ತಾರೆ ಎಂದಿಟ್ಟುಕೊಳ್ಳೋಣ. ಅದರಲ್ಲಿ ಅವರವರ ಅಂಕಪಟ್ಟಿಯನ್ನು ಅವರವರೇ ನೋಡಬೇಕು. ಪ್ರತಿಯೊಬ್ಬರಿಗೂ ಹೊಸ ಪಾಸ್‌ವರ್ಡ್ ಕೊಟ್ಟರೆ ಮರೆಯುವವರೇ ಹೆಚ್ಚು. ಎಲ್ಲರ ಫೋನಿನಲ್ಲೂ ಟೆಲಿಗ್ರಾಂ ಇದ್ದರೆ, ಅದರ ಮೂಲಕವೇ ಒಳಬರುವ ಗುಂಡಿಯನ್ನು ಪುಟದಲ್ಲಿ ಇಡಬಹುದು. ಟೆಲಿಗ್ರಾಂ ಈ ಸೌಲಭ್ಯವನ್ನು 2018ರ ಫೆಬ್ರುವರಿಯಲ್ಲಿ ತಂದಿತು.

ಗುಂಡಿ ಇಡುವುದು ಕಷ್ಟವಲ್ಲ. ‘ಬಾಟ್‌ಫಾದರ್’ ಎಂಬ ಟೆಲಿಗ್ರಾಂ ಖಾತೆಯ ಮೂಲಕ ಒಂದು ಬಾಟ್, ಅಂದರೆ ತಂತಾನೇ ಕೆಲಸ ಮಾಡುವ ಖಾತೆ, ತೆರೆಯಬೇಕು. ಆಗ ‘ಟೋಕನ್’ ಎಂಬ ಗುಟ್ಟಿನ ಅಕ್ಷರಮಾಲೆ ಸಿಗುತ್ತದೆ. ನಂತರ ಜಾಲತಾಣದ ವಿಳಾಸವನ್ನು ಬಾಟ್‌ಗೆ ಜೋಡಿಸಿ, ಟೆಲಿಗ್ರಾಂ ಕೊಡುವ ಕೆಲವು ಸಾಲುಗಳನ್ನು ಪುಟಕ್ಕೆ ಸೇರಿಸಿದರಾಯಿತು. ವಿದ್ಯಾರ್ಥಿ ಗುಂಡಿ ಒತ್ತಿ ಒಪ್ಪಿದೊಡನೆ ಆತನ ಗುರುತಿನ ಸಂಖ್ಯೆ, ಹೆಸರು, ಒಪ್ಪಿದ ವೇಳೆ ಮುಂತಾದವು ತಾಣಕ್ಕೆ ಬರುತ್ತವೆ. ಪಾಸ್‌ವರ್ಡ್ ಬರುವುದಿಲ್ಲ.

ಇಲ್ಲಿಗೆ ಕೆಲಸ ಮುಗಿಯಿತೇ? ಇಲ್ಲ. ಈ ವಿವರ ಬರುವುದು ವಿದ್ಯಾರ್ಥಿಯ ಬ್ರೌಸರ್ ಮೂಲಕ. ಚತುರ ಹುಡುಗನೊಬ್ಬ ತನ್ನ ಸಂಖ್ಯೆ ತೆಗೆದು ಗೆಳೆಯನ ಸಂಖ್ಯೆ ಹಾಕಿದರೆ ಗೆಳೆಯನ ಅಂಕಪಟ್ಟಿ ತೆರೆದೀತು! ಇದನ್ನು ತಡೆಯಲೆಂದೇ ಟೆಲಿಗ್ರಾಂ ವಿವರದೊಂದಿಗೆ 64 ಅಂಕಿ-ಅಕ್ಷರಗಳ ‘ಹ್ಯಾಶ್’ ಒಂದನ್ನು ಕಳಿಸುತ್ತದೆ.

ಇದು ಅರಗಿನ ಮುದ್ರೆಯಿದ್ದಂತೆ. 1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಆರಂಭವಾದ ಮೈಸೂರಿನ ಅರಗು ಮತ್ತು ಬಣ್ಣದ ಕಾರ್ಖಾನೆ ಇಂದು ಚುನಾವಣೆಯ ಅಳಿಸಲಾಗದ ಶಾಯಿಗೆ ಹೆಸರಾಗಿದೆ. ಮುದ್ರೆ ಹಾಕುವ ಅರಗನ್ನೂ ಅದು ತಯಾರಿಸುತ್ತ ಬಂದಿದೆ. ಲಕೋಟೆಯ ಮೇಲೆ ಅರಗು ಸುರಿದು ಮೊಹರು ಒತ್ತಿದರೆ, ಯಾರು ಕಳಿಸಿದರೆಂಬುದೂ ನಡುವೆ ಯಾರಾದರೂ ಒಡೆದರೇ ಎಂಬುದೂ ತಿಳಿಯುತ್ತದೆ.

ಇಲ್ಲಿ ಮೊಹರಿನ ಸ್ಥಾನದಲ್ಲಿ ಇರುವುದು ಟೋಕನ್. ಅದರಿಂದ ಪಡೆದ ಕೀಲಿಯನ್ನು ವಿವರದೊಂದಿಗೆ ಸೇರಿಸಿ ‘ಎಚ್‌ಮ್ಯಾಕ್ ಎಸ್‌ಎಚ್‌ಎ-256’ ಎಂಬ ಗಣಿತಕ್ರಮದಿಂದ ಹ್ಯಾಶ್ ಲೆಕ್ಕ ಹಾಕುತ್ತಾರೆ. ತಾಣದ ಸರ್ವರ್ ತಾನೂ ಅದೇ ಲೆಕ್ಕ ಮಾಡಿ ತಾಳೆ ನೋಡಬೇಕು. ಒಂದು ಅಂಕಿ ಬದಲಾದರೂ ಉತ್ತರ ಪೂರ್ತಿ ಬೇರೆಯಾಗುತ್ತದೆ. ಹಳೆಯ ಒಪ್ಪಿಗೆಯನ್ನೇ ಮತ್ತೆ ತಂದಿಲ್ಲವೆಂದು ತಿಳಿಯಲು ವೇಳೆಯನ್ನೂ ಪರೀಕ್ಷಿಸಬೇಕು. ಟೋಕನ್ ಸರ್ವರ್‌ನಲ್ಲೇ ಇರಲಿ. ಎಲ್ಲರಿಗೂ ಕಾಣುವ ಪುಟದಲ್ಲಿ ಬರೆದರೆ ಮೊಹರನ್ನು ಬೀದಿಯಲ್ಲಿ ಬಿಟ್ಟಂತೆ.

ಪೋಷಕರಿಗೂ ಒಂದು ಮಾತು. ಒಪ್ಪಿಗೆ ಕೇಳುವ ಸಂದೇಶ ಟೆಲಿಗ್ರಾಂ ಒಳಗೇ ಬರುತ್ತದೆ. ನೀವು ಗುಂಡಿ ಒತ್ತದ ತಾಣದ ಹೆಸರು ಅದರಲ್ಲಿದ್ದರೆ ನಿರಾಕರಿಸಿ. ಟೆಲಿಗ್ರಾಂ ಕಳಿಸಿದ ಲಾಗಿನ್ ಕೋಡನ್ನು ತನ್ನ ಪುಟದಲ್ಲಿ ಬರೆಯಿರಿ ಎಂದು ಬೇರೊಂದು ತಾಣ ಕೇಳಿದರೆ ಅದು ಮೋಸವೆಂದೇ ತಿಳಿಯಿರಿ. ಆ ಕೋಡ್ ಕೊಟ್ಟರೆ ಕೈತಪ್ಪುವುದು ಒಂದು ಅಂಕಪಟ್ಟಿಯಲ್ಲ, ಇಡೀ ಖಾತೆ.