ಕಲಿತ ಯಂತ್ರಕ್ಕೂ ಕಾವಲು

ಯಂತ್ರಕ್ಕೆ ವಿದ್ಯೆ ಕಲಿಸುವುದಕ್ಕಿಂತ, ಕಲಿತ ಯಂತ್ರವನ್ನು ನಿತ್ಯದ ದುಡಿಮೆಗೆ ಹಚ್ಚಿ ದಾರಿ ತಪ್ಪದಂತೆ ಕಾಯುವುದು ಕಷ್ಟತರವಾದ ಕೆಲಸ. 2008ರಲ್ಲಿ ಅಮೆರಿಕದ ಗೂಗಲ್ ಸಂಸ್ಥೆ ಆರಂಭಿಸಿದ ‘ಫ್ಲೂ ಟ್ರೆಂಡ್ಸ್’ ಇದಕ್ಕೆ ನಿದರ್ಶನ. ಜನರು ಅಂತರಜಾಲದಲ್ಲಿ ಹುಡುಕುವ ಪದಗಳನ್ನೆಣಿಸಿ, ಇನ್‌ಫ್ಲುಯೆಂಜಾ ಎಷ್ಟು ಹಬ್ಬಿದೆಯೆಂಬುದನ್ನು ಅದು ಅಂದಾಜು ಮಾಡುತ್ತಿತ್ತು. ವೈದ್ಯರ ವರದಿಗಳು ಪ್ರಕಟವಾಗಲು ಒಂದೆರಡು ವಾರ ಹಿಡಿಯುತ್ತಿದ್ದರೆ, ಇದು ಒಂದೇ ದಿನದಲ್ಲಿ ಲೆಕ್ಕ ಒಪ್ಪಿಸುತ್ತಿತ್ತು. ಆಸ್ಪತ್ರೆಗಳಿಗೆ ಆ ಎರಡು ವಾರಗಳ ಬೆಲೆ ಅಲ್ಪವೇನಲ್ಲ.

ಆದರೆ 2009ರ ವಸಂತದಲ್ಲಿ ಎಚ್1ಎನ್1 ಜ್ವರ ತಲೆದೋರಿದಾಗ ಯಂತ್ರದ ಅಂದಾಜು ಕಡಿಮೆಯಾಯಿತು. ತಿದ್ದಿದ ಮೇಲೆ ತಪ್ಪು ಇನ್ನೊಂದು ದಿಕ್ಕಿಗೆ ವಾಲಿತು: 2011ರ ಆಗಸ್ಟ್‌ನಿಂದ ಮುಂದಿನ 108 ವಾರಗಳ ಪೈಕಿ 100 ವಾರ ಅದು ರೋಗವನ್ನು ಹಿಗ್ಗಿಸಿ ತೋರಿಸಿತೆಂದು 2014ರಲ್ಲಿ ವಿಜ್ಞಾನಿಗಳು ತಿಳಿಸಿದರು. ಪತ್ರಿಕೆಗಳಲ್ಲಿ ಜ್ವರದ ಸುದ್ದಿ ಓದಿ ಗಾಬರಿಗೊಂಡ ಆರೋಗ್ಯವಂತರೂ ಹುಡುಕುತ್ತಾರೆ. ಹುಡುಕುವ ಸಾಧನವೂ ದಿನದಿನಕ್ಕೆ ಬದಲಾಗುತ್ತದೆ. ಯಂತ್ರ ಮಾತ್ರ ತಾನು ಕಲಿತ ಹಳೆಯ ಪಾಠವನ್ನೇ ಒಪ್ಪಿಸುತ್ತಿತ್ತು. ಕೆಲವು ವಾರ ಹಳೆಯದಾದ ವೈದ್ಯ ವರದಿಗಳಿಂದ ಹಾಕಿದ ಸರಳ ಲೆಕ್ಕವೇ ಅದಕ್ಕಿಂತ ಮೇಲೆನಿಸಿತು. 2015ರಲ್ಲಿ ಅಂದಾಜುಗಳ ಪ್ರಕಟಣೆ ನಿಂತಿತು.

ಯಂತ್ರದ ಉತ್ತರವನ್ನು ವಾರವಾರವೂ ವಾಸ್ತವದೊಡನೆ ತಾಳೆ ನೋಡುವುದು, ಲೋಕ ಬದಲಾದಾಗ ಅದಕ್ಕೆ ಹೊಸ ಪಾಠ ಹೇಳುವುದು, ಸರಳವಾದ ಹಳೆಯ ಲೆಕ್ಕವನ್ನು ಪಕ್ಕದಲ್ಲಿಯೇ ಇರಿಸಿಕೊಳ್ಳುವುದು: ಈ ಮೂರನ್ನು ಮರೆತವನಿಗೆ ಯಂತ್ರದ ಜಾಣತನವೇ ಮುಳುವಾದೀತು.