ಕೊಬ್ಬಿನ ಮೇಲಿನ ಅಪವಾದ

ಕೊಬ್ಬು ಎಂಬ ಮಾತಿಗೆ ಕನ್ನಡದಲ್ಲಿ ಎರಡು ಅರ್ಥಗಳುಂಟು: ಮೇದಸ್ಸು ಒಂದು, ಸೊಕ್ಕು ಮತ್ತೊಂದು. ಭಾಷೆಯೇ ಹೀಗೆ ತೀರ್ಪು ಕೊಟ್ಟಿರುವಾಗ ದಪ್ಪನಾದವನು ಸಹಪಾಠಿಗಳ ಪರಿಹಾಸ್ಯಕ್ಕೆ ಗುರಿಯಾಗುವುದೂ, ತೆಳ್ಳಗಿರುವವನು ತನಗೆ ಯಾವ ರೋಗದ ಭಯವೂ ಇಲ್ಲವೆಂದು ನಿಶ್ಚಿಂತನಾಗಿರುವುದೂ ಆಶ್ಚರ್ಯವಲ್ಲ. ಈ ಎರಡೂ ತಪ್ಪೆಂದು ನಾವು ಹೇಳಬಯಸುತ್ತೇವೆ.

ಹೊಟ್ಟೆಯ ಬೊಜ್ಜು, ಏರಿದ ರಕ್ತದ ಒತ್ತಡ, ರಕ್ತದಲ್ಲಿ ಹೆಚ್ಚಿದ ಸಕ್ಕರೆ, ಹೆಚ್ಚಿದ ಟ್ರೈಗ್ಲಿಸರೈಡು, ಕುಗ್ಗಿದ ಎಚ್.ಡಿ.ಎಲ್. ಎಂಬ ಹಿತಕರ ಕೊಲೆಸ್ಟರಾಲು – ಈ ಐದರಲ್ಲಿ ಮೂರಾದರೂ ಒಬ್ಬನಲ್ಲಿ ಕೂಡಿಬಂದರೆ ವೈದ್ಯರು ಅದನ್ನು ‘ಮೆಟಬಾಲಿಕ್ ಸಿಂಡ್ರೋಮ್’ ಎಂದು ಕರೆಯುತ್ತಾರೆ. ಮಧುಮೇಹಕ್ಕೂ ಹೃದ್ರೋಗಕ್ಕೂ ಇದು ಹಾದಿ. ಇದಕ್ಕೆಲ್ಲ ಕೊಬ್ಬೇ ಅಪರಾಧಿಯೆಂಬುದು ಸಾಮಾನ್ಯ ನಂಬಿಕೆ.

ಹಾಗಿದ್ದರೆ ಮೈಯಲ್ಲಿ ಕೊಬ್ಬೇ ಇಲ್ಲದವರು ಪರಮ ಆರೋಗ್ಯವಂತರಾಗಿರಬೇಕಷ್ಟೆ? ಕೊಬ್ಬಿನ ಅಂಗಾಂಶವು ಬಹುಮಟ್ಟಿಗೆ ಇಲ್ಲದೆಯೇ ಹುಟ್ಟುವ ಅಪರೂಪದ ಕೆಲವರುಂಟು. ಅವರ ಯಕೃತ್ತು ಮೇದಸ್ಸಿನಿಂದ ತುಂಬಿಹೋಗುತ್ತದೆ. ತೀವ್ರವಾದ ಮಧುಮೇಹ ಅವರನ್ನು ಕಾಡುತ್ತದೆ. ಇನ್ನು ಇದರ ವಿಪರ್ಯಾಯವನ್ನು ನೋಡಿ. ಸ್ಥೂಲಕಾಯರಾದ 15 ಮಂದಿ ಸ್ತ್ರೀಯರ ಚರ್ಮದಡಿಯಿಂದ ಸುಮಾರು 10 ಕಿಲೋಗ್ರಾಂ ಕೊಬ್ಬನ್ನು ಹೀರಿ ತೆಗೆದ ಪ್ರಯೋಗದ ವರದಿ 2004ರಲ್ಲಿ ಅಮೆರಿಕದಿಂದ ಪ್ರಕಟವಾಯಿತು. ತೂಕ ಇಳಿಯಿತು, ಆದರೆ ಇನ್ಸುಲಿನ್ನಿಗೆ ದೇಹವು ಸ್ಪಂದಿಸುವ ಗುಣವಾಗಲಿ, ರಕ್ತದ ಒತ್ತಡವಾಗಲಿ ಸುಧಾರಿಸಲಿಲ್ಲ.

ಇದರ ಅರ್ಥವೇನು? ಚರ್ಮದಡಿಯ ಕೊಬ್ಬು ದೇಹದ ಕಣಜ. ಉಂಡು ಮಿಕ್ಕದ್ದನ್ನು ಅದು ಭದ್ರವಾಗಿ ಕೂಡಿಡುತ್ತದೆ. ಅಷ್ಟೇ ಅಲ್ಲ, ಅದು ಮಾತನಾಡುವ ಅಂಗವೂ ಹೌದು. 1994ರಲ್ಲಿ ಜೆಫ್ರಿ ಫ್ರೀಡ್‌ಮನ್ ಮತ್ತು ಅವರ ಸಂಗಡಿಗರು ಕಂಡುಹಿಡಿದ ಲೆಪ್ಟಿನ್ ಎಂಬ ಹಾರ್ಮೋನು, ಕಣಜದಲ್ಲಿ ಎಷ್ಟು ದಾಸ್ತಾನಿದೆಯೆಂಬುದನ್ನು ಮೆದುಳಿಗೆ ತಿಳಿಸುವ ದೂತ. ಕಣಜ ತುಂಬಿ ತುಳುಕಿದಾಗ ಕೇಡು ಆರಂಭವಾಗುತ್ತದೆ. ಮಿತಿಮೀರಿ ಉಬ್ಬಿದ ಕೋಶಗಳ ಸುತ್ತ ರಕ್ಷಕ ಕೋಶಗಳು ನೆರೆದು ಸಣ್ಣ ಉರಿಯೂತವನ್ನು ಹೊತ್ತಿಸುತ್ತವೆ. ಸೋರಿದ ಮೇದಸ್ಸು ಕರುಳಿನ ಸುತ್ತಲೂ, ಯಕೃತ್ತಿನಲ್ಲೂ, ಸ್ನಾಯುಗಳಲ್ಲೂ ಬೀಡುಬಿಡುತ್ತದೆ. ಅಲ್ಲಿಂದ ಮುಂದೆ ಇನ್ಸುಲಿನ್ನಿನ ಆಜ್ಞೆ ನಡೆಯದು. ಆದುದರಿಂದ ಕೊಬ್ಬು ಎಷ್ಟಿದೆ ಎಂಬುದಕ್ಕಿಂತ ಎಲ್ಲಿದೆ ಎಂಬುದೇ ಮುಖ್ಯವಾದ ಪ್ರಶ್ನೆ.

ಈ ಪ್ರಶ್ನೆ ಭಾರತೀಯರಾದ ನಮಗೆ ವಿಶೇಷವಾಗಿ ಸಂಬಂಧಿಸಿದುದು. ಪುಣೆಯ ವೈದ್ಯ ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ಜಾನ್ ಯುಡ್ಕಿನ್ 2004ರಲ್ಲಿ ತಮ್ಮ ದೇಹಗಳನ್ನೇ ಹೋಲಿಸಿ ಒಂದು ಪುಟ್ಟ ಲೇಖನ ಪ್ರಕಟಿಸಿದರು. ಎತ್ತರಕ್ಕೆ ತೂಕವನ್ನು ಹೋಲಿಸುವ ಸೂಚ್ಯಂಕ ಇಬ್ಬರಿಗೂ 22.3. ಆದರೆ ಯುಡ್ಕಿನ್ನರ ದೇಹದಲ್ಲಿ ಕೊಬ್ಬು ಶೇಕಡಾ 9.1, ಯಾಜ್ಞಿಕರಲ್ಲಿ ಶೇಕಡಾ 21.2! ತಕ್ಕಡಿಗೆ ಈ ಭೇದ ಕಾಣಿಸಲಿಲ್ಲ. ದಕ್ಷಿಣ ಏಷ್ಯಾದ ವಯಸ್ಕರಿಗೆ ಸೊಂಟದ ಸುತ್ತಳತೆಯ ಎಚ್ಚರಿಕೆಯ ಗಡಿಯನ್ನು ಪುರುಷರಲ್ಲಿ 90, ಸ್ತ್ರೀಯರಲ್ಲಿ 80 ಸೆಂಟಿಮೀಟರ್ ಎಂದು ಪ್ರತ್ಯೇಕವಾಗಿ ಗೊತ್ತುಮಾಡಿರುವುದು ಸುಮ್ಮನೆ ಅಲ್ಲ.

ಶಾಲೆ ಕಾಲೇಜುಗಳ ಆರೋಗ್ಯ ತಪಾಸಣೆಯಲ್ಲಿ ತಕ್ಕಡಿಯ ಪಕ್ಕದಲ್ಲಿ ಅಳತೆಯ ಟೇಪೂ ಇರಬೇಕೆಂಬುದು ನಮ್ಮ ವಾದ. ಅದು ಬರುವವರೆಗೆ ಕಾಯಬೇಕಾಗಿಲ್ಲ. ನಿಮ್ಮ ಎತ್ತರದಷ್ಟು ದಾರವನ್ನು ತೆಗೆದುಕೊಂಡು ಎರಡಾಗಿ ಮಡಿಸಿ; ಮಡಿಸಿದ ದಾರ ಸೊಂಟವನ್ನು ಸುತ್ತಿ ಬರುವಂತಿದ್ದರೆ ಸರಿ, ಸಾಲದೆ ಹೋದರೆ ಎಚ್ಚರಗೊಳ್ಳಿ. ಉಪವಾಸದಿಂದ ಮೈಯನ್ನು ದಂಡಿಸುವುದು ಬೇಡ. ದಿನವೂ ಬಿರುಸಾದ ನಡಿಗೆ, ಆಟ, ಮಿತವಾದ ಸಕ್ಕರೆ ಮತ್ತು ಎಣ್ಣೆ – ಇವುಗಳಿಂದ ಒಳಹೊಟ್ಟೆಯ ಕೊಬ್ಬು ಕರಗುತ್ತದೆ.

ದಪ್ಪನಾದ ಗೆಳೆಯನನ್ನು ಕಂಡು ನಗುವ ತೆಳ್ಳನೆಯ ವಿದ್ಯಾರ್ಥಿ ಮೊದಲು ದಾರವನ್ನು ತನ್ನ ಸೊಂಟಕ್ಕೇ ಸುತ್ತಿ ನೋಡಲಿ.