ಪಹಣಿ ಇದ್ದೋರಿಗೆ ಮಾತ್ರ ಪ್ಯಾರಿಸ್ಸಾ?



ಫ್ರಾನ್ಸೋ ಜರ್ಮನಿಯೋ ಹತ್ತು ದಿನ ನೋಡಿ ಬರಬೇಕಂದ್ರೆ ನಮಗೆ ಷೆಂಗೆನ್ ವೀಸಾ ಬೇಕು. 180 ದಿನಗಳಲ್ಲಿ 90 ದಿನ ಮೀರುವಂತಿಲ್ಲ. ಶುಲ್ಕ 90 ಯೂರೋ. ವೀಸಾ ಕೊಡದಿದ್ದರೂ ವಾಪಸ್ ಇಲ್ಲ. 30,000 ಯೂರೋ ವಿಮೆ ಬೇರೆ. ಅರ್ಜಿಯಲ್ಲಿ ಜಾತಿ ಕಾಲಂ ಇಲ್ಲ, ನಿಜ. ಆದರೆ ಊರಿಗೆ ವಾಪಸ್ ಬರ್ತೀಯ ಅನ್ನೋದಕ್ಕೆ ಸಾಕ್ಷಿ ಕೇಳ್ತಾರೆ: ಬ್ಯಾಂಕ್ ಲೆಕ್ಕ, ಸಂಬಳದ ಚೀಟಿ, ಆಸ್ತಿ ಪತ್ರ.

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೇಲಿ ಕಾಯಿ ಕೀಳೋರು, ಸಿಪ್ಪೆ ಸುಲಿಯೋರು, ಚಿಪ್ಪು ಒಡೆದು ಉಂಡೆ ಕೊಬ್ಬರಿ ತೆಗೆಯೋರಲ್ಲಿ ನಮ್ಮೋರೆಷ್ಟು? ತೋಟದ ಪಹಣಿಗಳಲ್ಲಿ ನಮ್ಮೋರೆಷ್ಟು? ಎಣಿಸಿ. ದಿನಗೂಲಿ ಕೈಗೆ ಬರುತ್ತೆ, ಪಾಸ್‌ಬುಕ್ಕಿಗಲ್ಲ. ಭೂಮಿ ಕೊಡದೆ ಇಟ್ಟದ್ದು ಇಲ್ಲಿನ ಜಾತಿ. ಭೂಮಿ ಇಲ್ಲ ಅಂತ ಅನುಮಾನಿಸೋದು ಅಲ್ಲಿನ ನಿಯಮ. ಎರಡೂ ಕೈ ಕುಲುಕಿದಂಗಾಯ್ತು!

ಬಾಬಾಸಾಹೇಬರು 1913ರಲ್ಲಿ ಕಡಲು ದಾಟಿದ್ದು ಆಸ್ತಿಯಿಂದಲ್ಲ, ಬರೋಡಾದ ವಿದ್ಯಾರ್ಥಿವೇತನದಿಂದ.

ನಿಯಮದೊಳಗೇ ಬಾಗಿಲುಗಳಿವೆ, ತಟ್ಟಿ. ಲಾಭರಹಿತ ಸಂಸ್ಥೆಗಳ ಸಮ್ಮೇಳನಕ್ಕೆ ಅಂಥದೇ ಸಂಘಟನೆಯಿಂದ ಹೋಗೋ, 25 ವರ್ಷ ಮೀರದ ಪ್ರತಿನಿಧಿಗೆ ವೀಸಾ ಶುಲ್ಕವಿಲ್ಲ. ಕರೆದವರೇ ಖರ್ಚು ಹೊರುವ ಪತ್ರ ಕೊಡಬಹುದು. ತಿರಸ್ಕರಿಸಿದರೆ ಕಾರಣ ಬರೆದು ಕೊಡಲೇಬೇಕು. ಮೇಲ್ಮನವಿ ನಮ್ಮ ಹಕ್ಕು.

ಹಟ್ಟಿಯ ಹುಡುಗ ಹುಡುಗೀರಿಗೆ ಮೊದಲು ಪಾಸ್‌ಪೋರ್ಟ್ ಮಾಡಿಸಿ. ಬೇಡೋದು ಬೇಡ, ಕಾರಣ ಕೇಳೋಣ.